ಫೋಟೋ ನೋಡಿ ಹಳೇ ನಾಣ್ಯ ಕೊಳ್ಳುವ ಮುಂಚೆ

ಮೊಬೈಲ್ ಪರದೆಯ ಮೇಲೆ ಕೃಷ್ಣದೇವರಾಯನ ಬಂಗಾರದ ವರಹ ಅಂಗೈ ಅಗಲ ಕಾಣಿಸುತ್ತದೆ. ಬಾಲಕೃಷ್ಣ ಕೂತಿರುವ ಭಂಗಿ, ಹಿಂಬದಿಯ ನಾಗರಿ ಅಕ್ಷರ, ಎಲ್ಲಾ ಸ್ಪಷ್ಟ. ನಿಜವಾದ ವರಹ ನೋಡಿದರೆ ಅದು ಅಂಗಿಯ ಗುಂಡಿಯಷ್ಟಿರುತ್ತದೆ. ಅಡ್ಡಳತೆ 11–12 ಮಿ.ಮೀ., ತೂಕ ಸುಮಾರು 3.4 ಗ್ರಾಂ. ಕಮಲಾಪುರದ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ವಿಜಯನಗರದ ನಾಣ್ಯಗಳನ್ನು ಮೊದಲ ಸಲ ನೋಡಿದಾಗ ನನಗೆ "ಇಷ್ಟೇನಾ?" ಅನ್ನಿಸಿತ್ತು.

ಫೋಟೋದ ಮೊದಲ ಮೋಸ ಇದು. ಮಾರುವವರು ಎಷ್ಟೇ ಪ್ರಾಮಾಣಿಕರಾದರೂ ಈ ಮೋಸ ಆಗಿಯೇ ಆಗುತ್ತದೆ, ಯಾಕಂದರೆ ಫೋಟೋದಲ್ಲಿ ಅಳತೆ ಗೊತ್ತಾಗುವುದಿಲ್ಲ, ತೂಕ ಗೊತ್ತಾಗುವುದಿಲ್ಲ, ಸದ್ದು ಕೇಳಿಸುವುದಿಲ್ಲ, ಅಂಚು ಕಾಣುವುದಿಲ್ಲ. ನಾಣ್ಯ ಅಸಲಿಯೋ ನಕಲಿಯೋ ಅಂತ ಹೇಳುವುದು ಹೆಚ್ಚಾಗಿ ಈ ನಾಲ್ಕೇ. ಹಾಗಂತ ರಾಯಚೂರಿನಲ್ಲಿ ಕೂತವರು ಪ್ರತಿ ನಾಣ್ಯಕ್ಕೂ ಬೆಂಗಳೂರಿಗೋ ಹೈದರಾಬಾದಿಗೋ ಓಡಲು ಆಗುತ್ತಾ? ನಮ್ಮಂಥವರಿಗೆ ಫೋಟೋನೇ ಗತಿ. ಅದನ್ನು ಓದುವುದು ಕಲಿಯಬೇಕು. ಅದಕ್ಕಿಂತ ಮುಖ್ಯವಾಗಿ, ಕಂಡಿದ್ದಕ್ಕೆಲ್ಲಾ "ಬೇಡ" ಅನ್ನುವುದು ಕಲಿಯಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ. ನಾಣ್ಯ ನಮಗೆ ಗೊತ್ತು ಅಂತ ನಾವು ಅಂದುಕೊಂಡಿರುತ್ತೇವೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಹಾಗಾಗಿ ಇಲ್ಲಿನ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಇರುವ ಹಾಲಿ ಸಿಕ್ಕಾ, ಅಂದರೆ ನಿಜಾಮರ ರೂಪಾಯಿ, ಸಿಗುತ್ತದೆ. ಬಳ್ಳಾರಿ 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಗಿ ಮದ್ರಾಸಿಗೆ ಸೇರಿತು, ಅಲ್ಲಿನವರ ಪೆಟ್ಟಿಗೆಯಲ್ಲಿ ರಾಣಿ ತಲೆ, ರಾಜನ ತಲೆಯ ರೂಪಾಯಿ. ಹೊಳೆಯ ಆ ದಂಡೆಗೆ ಹಂಪಿ, ಈ ದಂಡೆಗೆ ಆನೆಗೊಂದಿ. ದೀಪಾವಳಿಗೆ ಲಕ್ಷ್ಮಿ ಮುಂದೆ ಇಡುತ್ತಿದ್ದ ಬೆಳ್ಳಿ ರೂಪಾಯಿಯನ್ನು ಚಿಕ್ಕಂದಿನಿಂದ ನೋಡಿದ್ದೇವಲ್ಲ, ಇದೇನು ಮಹಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಮೊಬೈಲಿನಲ್ಲಿ ಒಬ್ಬ ಚಾರ್‌ಮಿನಾರ್ ರೂಪಾಯಿ ಹಾಕಿದ್ದ. ಎರಡು ಫೋಟೋ, ಕೆಂಪು ಬಟ್ಟೆ ಮೇಲೆ ಇಟ್ಟು ತೆಗೆದದ್ದು. ಬೆಲೆ ಎಷ್ಟು ಕಡಿಮೆ ಅಂದರೆ ಅದರಲ್ಲಿರುವ ಬೆಳ್ಳಿಯ ಬೆಲೆಯೂ ಆಗುವುದಿಲ್ಲ. ಅದು ಎಚ್ಚರಿಕೆ ಅಂತ ಹೊಳೆಯಲೇ ಇಲ್ಲ, ಲಾಟರಿ ಹೊಡೀತು ಅಂದುಕೊಂಡೆ. ದುಡ್ಡು ಕಳಿಸಿ ನಾಲ್ಕು ದಿನಕ್ಕೆ ಪಾರ್ಸೆಲ್ ಬಂತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮಗೆ ಪರಿಚಯದ ಪತ್ತಾರರೊಬ್ಬರಿದ್ದಾರೆ, ಅವರಿಗೆ ತೋರಿಸಿದೆ. ಅವರು ಕಲ್ಲಿಗೆ ತಿಕ್ಕಲೂ ಇಲ್ಲ. ಬೆರಳ ತುದಿಯಲ್ಲಿ ಇಟ್ಟುಕೊಂಡು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರು, ಟಪ್ ಅಂತು. "ಸರ, ಇದು ಬೆಳ್ಳಿ ಅಲ್ರೀ. ಜರ್ಮನ್ ಸಿಲ್ವರ್ ಇದ್ದಂಗ ಅದ" ಅಂದರು. ತಕ್ಕಡಿಯಲ್ಲಿ 9.6 ಗ್ರಾಂ. ಇರಬೇಕಾದದ್ದು 11.18.

ಮನೆಗೆ ಬಂದು ಅದೇ ಎರಡು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಎಲ್ಲಾ ಅಲ್ಲೇ ಇತ್ತು. ಅಕ್ಷರಗಳ ಅಂಚು ಕರಗಿದ ಬೆಲ್ಲದ ಹಾಗೆ ಮೊಂಡಾಗಿತ್ತು. ಖಾಲಿ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕೆಗಳು. ಮಿನಾರಿನ ಸಣ್ಣ ಕೆತ್ತನೆ ಅರ್ಧ ಮುಚ್ಚಿಹೋಗಿತ್ತು. ಇದೆಲ್ಲಾ ಕಣ್ಣ ಮುಂದಿದ್ದರೂ ನಾನು ನೋಡಿದ್ದು ಬೆಲೆಯನ್ನು ಮಾತ್ರ. ಮುಂದಿನ ತಿಂಗಳು ಅದೇ ನಾಣ್ಯ, ಮಿನಾರಿನ ಎಡಗಡೆ ಅದೇ ಗೀರು, ಬೇರೆ ಇಬ್ಬರು ಮಾರುವವರ ಹತ್ತಿರ ಕಾಣಿಸಿತು.

ಆ ಗೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಫೋಟೋದಲ್ಲೇ ನಕಲಿ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಅಸಲಿ ನಾಣ್ಯ ಅಚ್ಚಿನ ಪೆಟ್ಟಿನಿಂದ ಹುಟ್ಟುತ್ತದೆ. ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಬಲವಾಗಿ ಒತ್ತುತ್ತಾರೆ, ಹಿಂದಿನ ಕಾಲದಲ್ಲಿ ಸುತ್ತಿಗೆಯಿಂದ, ಆಮೇಲೆ ಯಂತ್ರದಿಂದ. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯ ಬರಬಹುದು. ಆದರೆ ಅಚ್ಚಿನಿಂದ ಹೊರಬಂದ ಮೇಲೆ ಪ್ರತಿ ನಾಣ್ಯದ ಹಣೆಬರಹ ಬೇರೆ. ಒಂದು ಸಂತೆಯಲ್ಲಿ ಕೆಳಗೆ ಬಿದ್ದು ಗೀರಾಗುತ್ತದೆ, ಇನ್ನೊಂದು ಕೊರಳ ಸರದಲ್ಲಿ ಸವೆಯುತ್ತದೆ. ವಿಜಯನಗರದ ನಾಣ್ಯಗಳಲ್ಲಂತೂ, ಕೈಯಿಂದ ಹೊಡೆದವು ಆದ್ದರಿಂದ, ಒಂದರಲ್ಲಿ ಚಿತ್ರ ಎಡಕ್ಕೆ ಸರಿದಿರುತ್ತದೆ, ಇನ್ನೊಂದರಲ್ಲಿ ತಲೆಯೇ ಹೊರಗೆ ಹೋಗಿರುತ್ತದೆ, ಬಿಲ್ಲೆಯ ಆಕಾರವೂ ಒಂದರಂತೆ ಇನ್ನೊಂದಿಲ್ಲ. ನಕಲಿ ಮಾಡುವವನು ಒಂದು ಅಸಲಿ ನಾಣ್ಯವನ್ನು ತೆಗೆದುಕೊಂಡು ಅದರ ಪಡಿಯಚ್ಚು ಮಾಡಿ ಎರಕ ಹೊಯ್ಯುತ್ತಾನೆ. ಆಗ ಆ ಒಂದು ನಾಣ್ಯದ ಗೀರು, ತಗ್ಗು, ಸರಿದ ಚಿತ್ರ ಎಲ್ಲವೂ ಪ್ರತಿ ನಕಲಿಗೂ ಬರುತ್ತವೆ. ಅಂದರೆ ಬೇರೆ ಬೇರೆ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಏಟಿನ ಗುರುತು ಕಂಡರೆ ಎರಡರಲ್ಲಿ ಒಂದಾದರೂ ನಕಲಿ, ಸಾಮಾನ್ಯವಾಗಿ ಎರಡೂ. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಗುಳಿ, ಚುಕ್ಕೆ ಮೂಡುತ್ತವೆ. ಎರಡು ಅರ್ಧ ಅಚ್ಚು ಕೂಡುವ ಕಡೆ, ಅಂದರೆ ನಾಣ್ಯದ ಅಂಚಿನಲ್ಲಿ, ಸುತ್ತಲೂ ಒಂದು ಸಣ್ಣ ಗೆರೆ ಉಳಿಯುತ್ತದೆ. ಅದನ್ನು ಅರದಿಂದ ಉಜ್ಜಿ ಅಳಿಸುತ್ತಾರೆ, ಆಗ ಅರದ ಗುರುತು ಉಳಿಯುತ್ತದೆ.

ಆದ್ದರಿಂದ ನಾನು ಈಗ ಮೊದಲು ಕೇಳುವುದು ಅಂಚಿನ ಫೋಟೋ. ಮುಂದೆ ಹಿಂದೆ ಎರಡು ಫೋಟೋ ಎಲ್ಲರೂ ಹಾಕುತ್ತಾರೆ. ಅಂಚು ಯಾರೂ ಹಾಕುವುದಿಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ಅಂಚಿನಲ್ಲಿ ಒಂದೇ ಸಮನಾದ ಸಣ್ಣ ಹಲ್ಲುಗಳಿರುತ್ತವೆ, ಅವು ಎಲ್ಲಾದರೂ ಒಂದು ಕಡೆ ಅಳಿಸಿಹೋಗಿದ್ದರೆ ಕಾರಣ ಕೇಳಬೇಕು. ಅದು ನಕಲಿಯೇ ಆಗಬೇಕೆಂದಿಲ್ಲ. ನಮ್ಮ ಕಡೆ ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡಿಸುತ್ತಿದ್ದರು, ಲಂಬಾಣಿ ತಾಂಡಾಗಳಲ್ಲಿ ಈಗಲೂ ನಾಣ್ಯದ ಒಡವೆ ನೋಡಬಹುದು. ಆ ಕೊಂಡಿ ಕಿತ್ತು, ಬೆಸುಗೆ ಉಜ್ಜಿ, ನಾಣ್ಯವಾಗಿ ಮಾರುತ್ತಾರೆ. ತೂತು ಇದ್ದರೆ ಬೆಳ್ಳಿ ತುಂಬಿ ಮುಚ್ಚುತ್ತಾರೆ. ಒಡವೆಯಾಗಿ ಅದಕ್ಕೆ ಬೆಲೆ ಇದೆ, ನನಗಂತೂ ಅಂಥ ಸರ ಬಹಳ ಚೆಂದ ಕಾಣುತ್ತದೆ. ಆದರೆ ಸಂಗ್ರಹದ ನಾಣ್ಯವಾಗಿ ಅದಕ್ಕೆ ಬೆಳ್ಳಿ ಬೆಲೆಗಿಂತ ಹೆಚ್ಚು ಸಿಗುವುದು ಕಷ್ಟ. 12 ಗಂಟೆಯ ಜಾಗವನ್ನು ಫೋಟೋದಲ್ಲಿ ದೊಡ್ಡದು ಮಾಡಿ ನೋಡಿ, ಕೊಂಡಿ ಇದ್ದದ್ದು ಹೆಚ್ಚಾಗಿ ಅಲ್ಲೇ.

ಬೆಳಕಿನ ವಿಷಯಕ್ಕೆ ಬರೋಣ. ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದರೆ ಸವೆದ ನಾಣ್ಯದ ಅಕ್ಷರಗಳೂ ಉಬ್ಬಿ ಕಾಣುತ್ತವೆ. ನೇರ ಮೇಲಿನಿಂದ ಫ್ಲ್ಯಾಶ್ ಹೊಡೆದರೆ ಗೀರುಗಳೆಲ್ಲಾ ಮಾಯ. ಮಬ್ಬು ಫೋಟೋದಲ್ಲಿ ಎರಡೂ ಮಾಯ. ಒಂದು ಫೋಟೋ ಸಾಲದು, ನಾಣ್ಯವನ್ನು ಬೆಳಕಿನ ಕೆಳಗೆ ಮೆಲ್ಲಗೆ ಓರೆ ಮಾಡುತ್ತಾ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಕೇಳಿ. ಬಳಸದ ಬೆಳ್ಳಿ ನಾಣ್ಯದಲ್ಲಿ ಹೊಳಪು ಚಕ್ರದ ಕಾಲುಗಳ ಹಾಗೆ ಸುತ್ತುತ್ತದೆ. ಅಚ್ಚಿನ ಒತ್ತಡಕ್ಕೆ ಲೋಹ ಒಳಗಿನಿಂದ ಹೊರಕ್ಕೆ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿರುತ್ತವೆ, ಆ ಗೆರೆಗಳು ಬೆಳಕು ಹಿಡಿಯುವ ರೀತಿ ಅದು. ಒಮ್ಮೆ ಉಜ್ಜಿ ತೊಳೆದರೆ ಅವು ಹೋದವು, ಮತ್ತೆ ಬರುವುದಿಲ್ಲ. ಉಜ್ಜಿದ ನಾಣ್ಯವೂ ಹೊಳೆಯುತ್ತದೆ, ಆದರೆ ಸ್ಟೀಲ್ ತಟ್ಟೆಯ ಹಾಗೆ ಎಲ್ಲಾ ಕಡೆ ಒಂದೇ ಸಮ. ರಾಜನ ಕೆನ್ನೆ, ಹುಬ್ಬು ಪೂರಾ ಸವೆದಿದೆ, ಆದರೂ ನಾಣ್ಯ ಮಿರಮಿರ ಮಿಂಚುತ್ತಿದೆ ಅಂದರೆ ಹುಣಸೆಹಣ್ಣೋ ಪಾಲಿಶೋ ಬಿದ್ದಿದೆ ಅಂತಲೇ ಲೆಕ್ಕ. ಹಬ್ಬಕ್ಕೆ ತೊಳೆದಿಟ್ಟ ಅಜ್ಜಿಯರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುತ್ತಾ? ಆದರೆ ಆ ನಾಣ್ಯಕ್ಕೆ ಬಳಸದ ನಾಣ್ಯದ ಬೆಲೆ ಕೊಡಬೇಡಿ.

ಅದೇ ಫೋಟೋ ಬೇರೆ ಕಡೆ ಇದೆಯಾ ಅಂತ ಗೂಗಲ್ ಲೆನ್ಸ್‌ನಲ್ಲಿ ಹುಡುಕುವುದು ಒಂದು ನಿಮಿಷದ ಕೆಲಸ. ಅನುಮಾನ ಇದ್ದರೆ ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದು ನಾಣ್ಯದ ಪಕ್ಕ ಇಟ್ಟು ಫೋಟೋ ಕಳಿಸಿ ಅನ್ನಿ. ನಾಣ್ಯ ಕೈಯಲ್ಲಿ ಇರುವವರಿಗೆ ಇದು ಕಷ್ಟವಲ್ಲ. "ನಂಬಿಕೆ ಇಲ್ಲದಿದ್ರೆ ತಗೋಬೇಡಿ" ಅಂತ ರೇಗಿದರೆ ಅವರ ಮಾತನ್ನೇ ಕೇಳಿ, ತಗೋಬೇಡಿ.

ಇನ್ನು ತೂಕ. ಕೊಳ್ಳುವ ಮುಂಚೆಯೇ ತಕ್ಕಡಿಯ ಮೇಲೆ ಇಟ್ಟ ಫೋಟೋ ಕೇಳಬೇಕು, ಬಂದ ಮೇಲೆ ನಾವೂ ತೂಗಬೇಕು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಈ ಹವ್ಯಾಸದಲ್ಲಿ ನಾನು ಮಾಡಿದ ಒಳ್ಳೆಯ ಖರ್ಚು ಅದು. ನೆನಪಿಡಬೇಕಾದ ಅಂಕಿ ಜಾಸ್ತಿ ಇಲ್ಲ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ಅದೇ ತೂಕ, ಆದರೆ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅದನ್ನೂ ಬೆಳ್ಳಿ ಅಂತ ಮಾರುವವರಿದ್ದಾರೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಚಾರ್‌ಮಿನಾರ್ ರೂಪಾಯಿ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಸವೆತದಿಂದ ತೂಕ ಸ್ವಲ್ಪ ಇಳಿಯುತ್ತದೆ, ಏರುವುದಂತೂ ಸಾಧ್ಯವಿಲ್ಲ. ಸವೆದು ಮುಖ ಅಳಿಸಿದ ರೂಪಾಯಿ 12 ಗ್ರಾಂ ತೂಗಿದರೆ ಅಲ್ಲೇ ಬಿಡಿ.

ಈ ಅಂಕಿಗಳಿಂದಲೇ ಬೆಲೆಯ ತಳವೂ ಸಿಗುತ್ತದೆ. 11.66 ಗ್ರಾಂನಲ್ಲಿ 91.7 ಪಾಲು ಅಂದರೆ 10.7 ಗ್ರಾಂ ಬೆಳ್ಳಿ. ಹಾಲಿ ಸಿಕ್ಕಾದಲ್ಲಿ ಸುಮಾರು 9.1 ಗ್ರಾಂ. 1940ರ ನಂತರದ ರಾಜನ ರೂಪಾಯಿಯಲ್ಲಿ 5.8. ಇವತ್ತಿನ ಬೆಳ್ಳಿ ದರದಿಂದ ಗುಣಿಸಿ. ಯಾರಾದರೂ ಅದಕ್ಕಿಂತ ಕಡಿಮೆಗೆ ಕೊಡುತ್ತಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಪಕ್ಕದ ಪತ್ತಾರರ ಅಂಗಡಿಗೆ ಕೊಟ್ಟರೂ ಜಾಸ್ತಿ ಸಿಗುವಾಗ ನನಗ್ಯಾಕೆ ಕೊಡುತ್ತಿದ್ದಾನೆ? ನಾನು ಅವತ್ತು ಈ ಒಂದು ಗುಣಾಕಾರ ಮಾಡಿದ್ದರೆ ಸಾಕಿತ್ತು.

ತೂಕ ಸರಿ ಇರುವ ನಕಲಿಯೂ ಬರುತ್ತದೆ, ಸ್ವಲ್ಪ ದಪ್ಪ ಮಾಡಿ ತೂಕ ಸರಿ ಮಾಡಿರುತ್ತಾರೆ. ಅದಕ್ಕೆ ನೀರಿನ ಪರೀಕ್ಷೆ. ಒಂದು ಸಣ್ಣ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. 11.18 ಗ್ರಾಂನ ಅಸಲಿ ಚಾರ್‌ಮಿನಾರ್ ರೂಪಾಯಿ 1.10 ಆಸುಪಾಸು ತೋರಿಸಬೇಕು. ಅಷ್ಟೇ ತೂಕದ ತಾಮ್ರ-ನಿಕ್ಕಲ್ ನಕಲಿ 1.26 ಹತ್ತಿರ ಹೋಗುತ್ತದೆ, ಬೆಳ್ಳಿ ಲೇಪದ ಹಿತ್ತಾಳೆ 1.3 ದಾಟುತ್ತದೆ. ಬೆಳ್ಳಿ ಈ ಲೋಹಗಳಿಗಿಂತ ಸಾಂದ್ರ, ಅದಕ್ಕೇ ಅಷ್ಟೇ ತೂಕಕ್ಕೆ ಕಡಿಮೆ ಜಾಗ ಹಿಡಿಯುತ್ತದೆ. ಐದು ನಿಮಿಷದ ಕೆಲಸ, ನಾಣ್ಯಕ್ಕೆ ಒಂದು ಗೀರೂ ಆಗುವುದಿಲ್ಲ. ಆದರೆ ಒಳ್ಳೇ ಬೆಳ್ಳಿಯಲ್ಲೇ ನಕಲಿ ಮಾಡಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಅಪರೂಪದ ವರ್ಷದ ನಾಣ್ಯಗಳಲ್ಲಿ ಈ ಕೆಲಸ ನಡೆಯುತ್ತದೆ. 1939ರ ಬೆಳ್ಳಿ ರೂಪಾಯಿ ಅಪರೂಪ, ಅದಕ್ಕೇ ಬೇರೆ ವರ್ಷದ ಕೊನೆಯ ಅಂಕಿ ಕೆತ್ತಿ 9 ಮಾಡಿದವೂ ಬರುತ್ತವೆ. ಅಂಥ ನಾಣ್ಯವನ್ನು ಹೊಸಬರು ಫೋಟೋ ನೋಡಿ ಕೊಳ್ಳಲೇಬಾರದು ಅಂತ ನನ್ನ ಅಭಿಪ್ರಾಯ. ಎನ್‌ಜಿಸಿ, ಪಿಸಿಜಿಎಸ್ ಥರದ ಸಂಸ್ಥೆಗಳು ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ ನಾಣ್ಯ ಸಿಗುತ್ತವೆ. ಆದರೆ ಡಬ್ಬಿಯೂ ನಕಲಿ ಇರುತ್ತದೆ, ಅದರ ಮೇಲಿನ ನಂಬರನ್ನು ಅವರ ವೆಬ್‌ಸೈಟ್‌ನಲ್ಲಿ ಹಾಕಿ, ಅಲ್ಲಿನ ವಿವರ ಈ ನಾಣ್ಯಕ್ಕೆ ಹೊಂದುತ್ತದಾ ನೋಡಬೇಕು.

ನಾಣ್ಯದ ಮೇಲೆ ಏನು ಬರೆದಿದೆ ಅಂತ ಓದಲು ಬಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಚಾರ್‌ಮಿನಾರ್ ರೂಪಾಯಿಯನ್ನೇ ತೆಗೆದುಕೊಳ್ಳಿ. ನಡುವಿನ ಬಾಗಿಲಲ್ಲಿ ಒಂದು ಉರ್ದು ಅಕ್ಷರ ಇರುತ್ತದೆ. ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದಾದರೆ ಮೀಮ್, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದ್ದಾದರೆ ಐನ್. ಜೊತೆಗೆ ಹಿಜರಿ ವರ್ಷ, ಇನ್ನೊಂದು ಬದಿಗೆ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅನ್ನುವ ಅಂಕಿ. ಉಸ್ಮಾನ್ ಅಲಿ ಪಟ್ಟಕ್ಕೆ ಬಂದದ್ದು ಹಿಜರಿ 1329ರಲ್ಲಿ. ಹಾಗಾದರೆ 1337 ಅಂತಿರುವ ನಾಣ್ಯದ ಇನ್ನೊಂದು ಬದಿಗೆ 8 ಅಥವಾ 9 ಇರಬೇಕು. 20 ಇದ್ದರೆ? ಯಾರೋ ಎರಡು ಬೇರೆ ಬೇರೆ ನಾಣ್ಯ ನೋಡಿ ಅಚ್ಚು ಮಾಡಿದ್ದಾರೆ ಅಂತ ಅರ್ಥ. ಉರ್ದು ಅಂಕಿ ಹತ್ತೇ ಹತ್ತು, ಒಂದು ಸಂಜೆಯಲ್ಲಿ ಕಲಿಯಬಹುದು. ನಮ್ಮ ರಾಯಚೂರಿನಲ್ಲಿ ಕಲಿಸುವವರಿಗೇನು ಬರವೇ? ನನಗೆ ಪಕ್ಕದ ಮನೆಯ ಚಾಚಾ ಚಹಾ ಕುಡಿಯುತ್ತಾ ಕಲಿಸಿದರು.

ಅದೂ ಬೇಡ ಅನ್ನುವವರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಿವೆ, ಕನ್ನಡದಲ್ಲೇ "ಮಯಿಲಿ ಕಾಸು" ಅಂತ ಬರೆದಿರುತ್ತದೆ. ಇಲ್ಲವೇ ಸ್ವಾತಂತ್ರ್ಯದ ನಂತರದ ನಾಣ್ಯಗಳಿಂದ ಶುರು ಮಾಡಿ. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಕಿರಾಣಿ ಅಂಗಡಿಯ ಚಿಲ್ಲರೆಯಲ್ಲೇ ಅಭ್ಯಾಸ ಆಗುತ್ತದೆ, ಮುಖಬೆಲೆಗಿಂತ ಒಂದು ಪೈಸೆ ಹೆಚ್ಚು ಕೊಡಬೇಕಿಲ್ಲ.

ನೋಡಿದ ಕೂಡಲೇ ದಾಟಿ ಹೋಗಬೇಕಾದ ಕೆಲವು ಇವೆ. ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಬರೆದು ರಾಮ, ಸೀತೆ, ಹನುಮಂತನ ಚಿತ್ರ ಇರುವ "ಅರ್ಧ ಆಣೆ", "ಎರಡು ಆಣೆ" ನಾಣ್ಯಗಳು. ಕಂಪನಿ ಇಂಥವನ್ನು ಟಂಕಿಸಿಯೇ ಇಲ್ಲ. ಮದ್ರಾಸಿನಲ್ಲಿ ಕಂಪನಿ ದೇವರ ಚಿತ್ರದ ಪಗೋಡ (ವರಹಕ್ಕೆ ಇಂಗ್ಲಿಷರು ಹೇಳುತ್ತಿದ್ದ ಹೆಸರು) ಹೊರಡಿಸಿದ್ದು ನಿಜ, ಆದರೆ ಅದು ಬಂಗಾರದ್ದು, ಗುಂಡಿಯಷ್ಟು ಸಣ್ಣದು. ಈ ರಾಮದರ್ಬಾರ್ ಬಿಲ್ಲೆಗಳನ್ನು ದೇವರ ಮನೆಯಲ್ಲಿ ಇಡಲು ಬೇಕಾದರೆ ತೆಗೆದುಕೊಳ್ಳಿ, 200 ವರ್ಷದ ನಾಣ್ಯ ಅಂತ ಅಲ್ಲ. ಇದೇ ಬಿಲ್ಲೆಗಳಿಗೆ ಅಕ್ಕಿ ಎಳೆಯುವ ಶಕ್ತಿ ಇದೆ ಅಂತ ರೈಸ್ ಪುಲ್ಲರ್ ಕಥೆ ಕಟ್ಟಿ ಲಕ್ಷಗಟ್ಟಲೆ ಕೀಳುವವರೂ ಇದ್ದಾರೆ.

ವೈಷ್ಣೋದೇವಿ ಚಿತ್ರದ 5, 10 ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಅನ್ನುವುದು ಇನ್ನೊಂದು ಕಥೆ. ಅಲ್ಲಿ ನೀವು ಕೊಳ್ಳುವವರಲ್ಲ, ಮಾರುವವರು, ಆದರೂ ದುಡ್ಡು ಹೋಗುವುದು ನಿಮ್ಮದೇ. ಮೊದಲು "ನೋಂದಣಿ ಶುಲ್ಕ", ಆಮೇಲೆ "ತೆರಿಗೆ" ಅಂತ ಕೇಳುತ್ತಾ ಹೋಗುತ್ತಾರೆ. ರಿಸರ್ವ್ ಬ್ಯಾಂಕ್ ಹೆಸರನ್ನೂ ಎಳೆದು ತರುತ್ತಾರೆ. ಹಳೇ ನೋಟು ನಾಣ್ಯದ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

"ಹಂಪಿ ಹೊಲದಲ್ಲಿ ಸಿಕ್ಕಿದ್ದು", "ಆನೆಗೊಂದಿ ನಿಧಿ" ಅಂತ ಪಿಸುಗುಟ್ಟುವವರು ನಮ್ಮ ಭಾಗಕ್ಕೇ ವಿಶೇಷ. ಅವರು ತೋರಿಸುವುದು ಬಹುಪಾಲು ಹಿತ್ತಾಳೆ. ಒಂದು ವೇಳೆ ನಿಜವಾದರೂ ಅದನ್ನು ಮುಟ್ಟಬಾರದು. ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಇನ್ನೊಂದು ಸಂಗತಿ, ಹಳೆಯದಾದ ಮಾತ್ರಕ್ಕೆ ದುಬಾರಿ ಅಲ್ಲ. 1862 ಅಂತಿರುವ ರಾಣಿ ರೂಪಾಯಿ ನೋಡಿ ಜನ ಕಣ್ಣರಳಿಸುತ್ತಾರೆ, ಆದರೆ ಅದೇ ಇಸವಿ ಹಾಕಿ 1874ರವರೆಗೂ ಹೊಡೆದಿದ್ದಾರೆ, ರಾಶಿ ರಾಶಿ ಇವೆ.

ಇಷ್ಟೆಲ್ಲಾ ಆದ ಮೇಲೆ ನಾನು ಮಾಡಿಕೊಂಡ ಪದ್ಧತಿ ಹೀಗಿದೆ. ಒಂದೇ ಥರದ ನಾಣ್ಯ ಹಿಡಿದೆ, ಉಸ್ಮಾನ್ ಅಲಿಯ ಚಾರ್‌ಮಿನಾರ್ ರೂಪಾಯಿ. ಆರು ತಿಂಗಳು ಏನೂ ಕೊಳ್ಳಲಿಲ್ಲ, ಸುಮ್ನೆ ಫೋಟೋ ನೋಡಿದೆ. ಹರಾಜು ಸಂಸ್ಥೆಗಳ ಹಳೇ ಪಟ್ಟಿಗಳಲ್ಲಿ ಒಳ್ಳೇ ಫೋಟೋ, ಕೊನೆಗೆ ಮಾರಿಹೋದ ಬೆಲೆ ಎರಡೂ ಇರುತ್ತವೆ. ಮಾರುವವರು ಕೇಳುವ ಬೆಲೆಯಲ್ಲ, ಕೊಂಡವರು ಕೊಟ್ಟ ಬೆಲೆ ನೋಡಬೇಕು. ತೂಕ, ಅಳತೆ ತಾಳೆ ನೋಡಲು ನುಮಿಸ್ಟಾ ಅನ್ನುವ ವೆಬ್‌ಸೈಟ್ ಇದೆ. ಹೀಗೆ ಇನ್ನೂರು ಮುನ್ನೂರು ನೋಡಿದ ಮೇಲೆ ಒಂದು ವಿಚಿತ್ರ ಆಗುತ್ತದೆ, ಯಾಕೆ ಅಂತ ಹೇಳಲು ಬಾರದಿದ್ದರೂ ಕೆಟ್ಟದ್ದು ಕಣ್ಣಿಗೆ ಚುಚ್ಚುತ್ತದೆ. ಸಂತೆಯಲ್ಲಿ ಬದನೆಕಾಯಿ ಆರಿಸುವವರಿಗೆ ಕೈಯೇ ಹೇಳುತ್ತದಲ್ಲ, ಹಾಗೆ.

ದುಡ್ಡು ಕೊಡುವಾಗ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಬರಹದಲ್ಲಿ ಕೇಳುತ್ತೇನೆ. ಹೊಸ ಮಾರಾಟಗಾರರಾದರೆ ಮೊದಲು ಒಂದು ಕಡಿಮೆ ಬೆಲೆಯದ್ದು ಕೊಂಡು ನೋಡುತ್ತೇನೆ. ಪಾರ್ಸೆಲ್ ಒಡೆಯುವುದನ್ನು ಅಂಟು ಕೀಳುವುದರಿಂದ ತಕ್ಕಡಿಯ ಅಂಕಿಯವರೆಗೆ ನಿಲ್ಲಿಸದೆ ವಿಡಿಯೋ ಮಾಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಕಳೆದ ವರ್ಷ ಹೀಗೆ ಕೊಂಡದ್ದು ಮೂರು. ಆ ನಕಲಿ ರೂಪಾಯಿಯನ್ನು ಎಸೆದಿಲ್ಲ, ಮಾರುವುದೂ ಇಲ್ಲ, ಹಿಂಬದಿಗೆ ಕೆಂಪು ಪೆಯಿಂಟ್‌ನಲ್ಲಿ "ನಕಲಿ" ಅಂತ ಬರೆದು ತಕ್ಕಡಿಯ ಡಬ್ಬಿಯಲ್ಲೇ ಇಟ್ಟಿದ್ದೇನೆ. ಹೊಸ ಫೋಟೋ ಯಾವುದೇ ಬರಲಿ, ಮೊದಲು ಆ ನಕಲಿಯನ್ನು ಕೈಗೆ ತೆಗೆದುಕೊಂಡು ಪಕ್ಕದಲ್ಲಿಟ್ಟು ನೋಡುತ್ತೇನೆ.